ಸುತ್ತಿಗೆ ಹಿಡಿದು ಬಂದ ನೆಂಟರು

ಚಂಡಮಾರುತಕ್ಕೆ ಸಿಕ್ಕಿ ನಲುಗಿದ ಊರಿಗೆ ಒಂದು ವಾರದ ಮಟ್ಟಿಗೆ ಬರುತ್ತಾರೆ, ಕೆಸರು ಬಾಚುತ್ತಾರೆ, ಗೋಡೆ ಕಟ್ಟುತ್ತಾರೆ, ಹೊರಟುಹೋಗುತ್ತಾರೆ. ಇವರಿಂದ ಊರಿಗೆ ಎಷ್ಟು ಲಾಭ?

ನೆರೆ ಇಳಿದ ಮೇಲೆ ಮನೆಯೊಳಗೆ ಕಾಲಿಟ್ಟವರಿಗೆ ಒಂದು ವಿಷಯ ಗೊತ್ತಿರುತ್ತದೆ. ನೀರು ಬಂದಾಗ ಆಗುವ ಗಾಬರಿ ಒಂದು ದಿನದ್ದು. ನೀರು ಬಿಟ್ಟುಹೋದ ಕೆಸರಿನ ಕೆಲಸ ತಿಂಗಳುಗಟ್ಟಲೆಯದು. ಮಂಚದ ಕೆಳಗೆ ಕೆಸರು, ಅಲಮಾರಿಯಲ್ಲಿ ಕೆಸರು, ಮದುವೆಯ ಆಲ್ಬಮ್ಮಿನ ಪುಟಗಳ ನಡುವೆಯೂ ಕೆಸರು. ಮನೆಯಲ್ಲಿ ಗಟ್ಟಿಮುಟ್ಟಾದ ನಾಲ್ಕು ಜನ ಇದ್ದರೆ ಹೇಗೋ ಆದೀತು. ಎಂಬತ್ತು ವರ್ಷದ ಅಜ್ಜಿಯೊಬ್ಬರೇ ಇರುವ ಮನೆಯಾದರೆ?

ಅಮೆರಿಕದಲ್ಲಿ ಇಂಥ ಹೊತ್ತಿನಲ್ಲಿ ಒಂದು ದೃಶ್ಯ ಕಾಣಸಿಗುತ್ತದೆ. ದೂರದ ಯಾವುದೋ ಊರಿನ ಚರ್ಚಿನಿಂದ ವ್ಯಾನೊಂದು ಬಂದು ನಿಲ್ಲುತ್ತದೆ. ಅದರಿಂದ ಶಾಲೆ ಹುಡುಗರು, ಬ್ಯಾಂಕಿನ ಗುಮಾಸ್ತೆಯರು, ನಿವೃತ್ತ ಮೇಷ್ಟ್ರು, ಬಡಗಿ, ದಾದಿ, ಹೀಗೆ ಹತ್ತೆಂಟು ಮಂದಿ ಇಳಿಯುತ್ತಾರೆ. ಕೈಯಲ್ಲಿ ಸುತ್ತಿಗೆ, ಸಲಿಕೆ, ಹಾರೆ. ಅವರ ಭಾಷೆಯಲ್ಲಿ ಇದಕ್ಕೆ ‘ಮಿಷನ್ ಟ್ರಿಪ್’ ಎನ್ನುತ್ತಾರೆ. ನಾವು ಸೇವಾಯಾತ್ರೆ ಎನ್ನೋಣ.

‘ಮಿಷನ್’ ಎಂಬ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಮಿಷನ್ ಶಾಲೆ, ಮಿಷನ್ ಆಸ್ಪತ್ರೆ ಎಂದು ಅವರು ಕೇಳಿಯೇ ಬೆಳೆದವರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಂದಿನ ಮಿಷನರಿ ಎಂದರೆ ಹಡಗು ಹತ್ತಿ ಬಂದು, ಇಲ್ಲಿನ ಭಾಷೆ ಕಲಿತು, ಆಯುಷ್ಯದ ಬಹುಭಾಗ ಇಲ್ಲೇ ಸವೆಸಿದವನು. ಇಂದಿನ ಸೇವಾಯಾತ್ರಿಕ ಭಾನುವಾರ ಬಂದು ಮುಂದಿನ ಶನಿವಾರ ಹೊರಡುವವನು. ಏಳು ದಿನದಲ್ಲಿ ಏನು ಮಾಡಲು ಸಾಧ್ಯ? ಒಂದು ಊರಿನ ಕತೆ ನೋಡೋಣ.

ಒಡ್ಡು ಒಡೆದ ದಿನ

ಅಮೆರಿಕದ ದಕ್ಷಿಣ ತುದಿಯಲ್ಲಿ, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದಲ್ಲಿ ನ್ಯೂ ಆರ್ಲಿಯನ್ಸ್ ನಗರವಿದೆ. ಜಾಝ್ ಸಂಗೀತ ಹುಟ್ಟಿದ ಊರು. ಈ ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಒಂದು ಬೋಗುಣಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟಂತೆ ಎಂದರೆ ಮಕ್ಕಳಿಗೆ ಅರ್ಥವಾದೀತು. ನೀರು ಒಳಗೆ ಬಾರದಂತೆ ಸುತ್ತಲೂ ಒಡ್ಡು, ತಡೆಗೋಡೆ ಕಟ್ಟಿದ್ದಾರೆ. ಮಳೆ ಬಂದರೆ ಪಂಪುಗಳೇ ನೀರನ್ನು ಎತ್ತಿ ಹೊರಗೆ ಹಾಕಬೇಕು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು. ಪಕ್ಕದ ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ ಸಮುದ್ರ ಸುಮಾರು 28 ಅಡಿ ಎತ್ತರಕ್ಕೆ ಉಕ್ಕಿ ಮನೆಗಳನ್ನು ಬುಡಸಮೇತ ಒಯ್ದಿತು. ನ್ಯೂ ಆರ್ಲಿಯನ್ಸಿನಲ್ಲಿ 50ಕ್ಕೂ ಹೆಚ್ಚು ಕಡೆ ಒಡ್ಡು ಮತ್ತು ತಡೆಗೋಡೆಗಳು ಒಡೆದವು. ನಗರದ ಶೇಕಡಾ 80ರಷ್ಟು ಭಾಗ ಮುಳುಗಿತು. ಕೆಲವು ಬಡಾವಣೆಗಳಲ್ಲಿ ನೀರು ವಾರಗಟ್ಟಲೆ ನಿಂತಿತು.

ಸತ್ತವರು 1,800ಕ್ಕೂ ಹೆಚ್ಚು ಎಂದು ಮೊದಲು ಲೆಕ್ಕ ಹಾಕಿದ್ದರು. ಮುಂದೆ ಮತ್ತೆ ಪರಿಶೀಲಿಸಿ 1,392 ಎಂದರು. ಲೂಯಿಸಿಯಾನ ರಾಜ್ಯದಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 75 ವರ್ಷ ದಾಟಿದವರು. ಓಡಲಾರದವರು, ಕಾರಿಲ್ಲದವರು, ಮನೆ ಬಿಟ್ಟು ಬರಲು ಮನಸ್ಸಾಗದವರು.

ಗೋಡೆ ಬಿಚ್ಚುವ ಕೆಲಸ

ಅಲ್ಲಿನ ಮನೆಗಳು ನಮ್ಮ ಕಲ್ಲು-ಇಟ್ಟಿಗೆಯ ಮನೆಗಳಂತಲ್ಲ. ಮರದ ಕಂಬಗಳ ಚೌಕಟ್ಟು, ಅದರ ಒಳಮೈಗೆ ಜಿಪ್ಸಂ ಹಲಗೆ, ನಡುವೆ ಚಳಿ ತಡೆಯುವ ಹತ್ತಿಯಂಥ ಪದರ. ನೀರು ಕುಡಿದ ಜಿಪ್ಸಂ ಹಲಗೆ ನೆನೆದ ಬಿಸ್ಕತ್ತಿನಂತಾಗುತ್ತದೆ. ಎರಡು ವಾರ ಕಳೆದರೆ ನೆಲದಿಂದ ಸೂರಿನವರೆಗೆ ಕಪ್ಪು, ಹಸಿರು ಬೂಷ್ಟು. ಅದನ್ನು ಉಸಿರಾಡಿದರೆ ಕಾಯಿಲೆ.

ಹಾಗಾಗಿ ಕಟ್ಟುವುದಕ್ಕೆ ಮುಂಚೆ ಬಿಚ್ಚಬೇಕು. ಒಳಗಿನ ಸಾಮಾನೆಲ್ಲ ಹೊರಗೆ, ಹಲಗೆ ಕಿತ್ತು ಹೊರಗೆ, ನೆಲಹಾಸು ಹೊರಗೆ. ಕೊನೆಗೆ ಉಳಿಯುವುದು ಮನೆಯ ಅಸ್ಥಿಪಂಜರ ಮಾತ್ರ. ಅದನ್ನು ತಿಕ್ಕಿ ತೊಳೆದು, ಬೂಷ್ಟು ನಾಶಕ ಸಿಂಪಡಿಸಿ, ಒಣಗಲು ಬಿಡಬೇಕು. ತೂತು ಕೊರೆದಂತೆ ಸುಡುವ ಬಿಸಿಲಿನಲ್ಲಿ, ಮೈತುಂಬ ಮುಚ್ಚುವ ಬಿಳಿ ಅಂಗಿ, ಮೂಗಿಗೆ ಮಾಸ್ಕ್, ಕಾಲಿಗೆ ದಪ್ಪ ಬೂಟು ತೊಟ್ಟು ಮಾಡುವ ಕೆಲಸ. ಹೊರಡುವ ಮೊದಲು ಧನುರ್ವಾಯುವಿನ ಚುಚ್ಚುಮದ್ದು ಆಗಿರಬೇಕು.

ಅತಿ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಫ್ರಿಜ್. ಕರೆಂಟಿಲ್ಲದೆ ವಾರಗಟ್ಟಲೆ ಮಾಂಸ, ಮೀನು ಕೊಳೆತು ನಿಂತ ಪೆಟ್ಟಿಗೆ. ಬಾಗಿಲು ತೆರೆಯದಂತೆ ಟೇಪು ಸುತ್ತಿ, ನಾಲ್ಕು ಜನ ಹೊತ್ತು ರಸ್ತೆಬದಿಗಿಡುತ್ತಿದ್ದರು. ಬೀದಿಬೀದಿಯಲ್ಲೂ ಸಾಲುಸಾಲು ಫ್ರಿಜ್‌ಗಳು. ಅಷ್ಟು ದುಃಖದಲ್ಲೂ ಊರಿನವರು ಅವುಗಳ ಬಾಗಿಲ ಮೇಲೆ ಬಣ್ಣದಲ್ಲಿ ತಮಾಷೆಯ ಮಾತು ಬರೆದಿಟ್ಟಿದ್ದರು.

ಮನೆಗಳ ಮುಂಗೋಡೆಯ ಮೇಲೆ ಇನ್ನೊಂದು ಬರಹವೂ ಇತ್ತು. ದೊಡ್ಡ ಗುಣಾಕಾರ ಚಿಹ್ನೆ, ಅದರ ನಾಲ್ಕು ಮೂಲೆಗಳಲ್ಲಿ ಅಂಕಿ-ಅಕ್ಷರ. ರಕ್ಷಣಾ ತಂಡದವರು ಯಾವ ದಿನ ಒಳಗೆ ನೋಡಿದರು, ಯಾವ ತಂಡ, ಒಳಗೆ ಏನು ಅಪಾಯ, ಎಷ್ಟು ಜನ ಸಿಕ್ಕರು ಎಂಬ ಲೆಕ್ಕ. ಕೆಳಗಿನ ಮೂಲೆಯಲ್ಲಿ ಸೊನ್ನೆ ಇದ್ದರೆ ನೋಡಿದವರಿಗೆ ನಿಟ್ಟುಸಿರು.

ಯಾತ್ರಿಕರಿಗೆ ಹಿರಿಯರು ಕಲಿಸುತ್ತಿದ್ದ ಪಾಠವೊಂದಿತ್ತು: ಕೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ಕಸ ಎನ್ನಬೇಡಿ. ಫೋಟೋ, ಪದಕ, ಮಗುವಿನ ಬೂಟು, ಹಳೆಯ ಪತ್ರ ಸಿಕ್ಕರೆ ಬೇರೆ ತೆಗೆದಿಡಿ, ಮನೆಯವರನ್ನು ಕೇಳಿ. ಮನೆಯೊಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರೆ, ಹಲಗೆ ಕೀಳುವುದನ್ನು ನಿಲ್ಲಿಸಿ ಅವರ ಮಾತು ಕೇಳುವುದೂ ಕೆಲಸವೇ.

ಈ ಬಿಚ್ಚುವ ಕೆಲಸಕ್ಕೆ ಅವಸರವಿತ್ತು. ಮೊದಲ ವರ್ಷ ತುಂಬುವುದರೊಳಗೆ ಹಾಳಾದ ಮನೆಯನ್ನು ಶುಚಿ ಮಾಡದಿದ್ದರೆ ಕ್ರಮ ಜರುಗಿಸುವುದಾಗಿ ನಗರಾಡಳಿತ ಹೇಳಿತ್ತು. ಗುತ್ತಿಗೆದಾರರು ಕೇಳುವ ಕೂಲಿ ಸಾವಿರಾರು ಡಾಲರ್. ಸಾಮಾನ್ಯ ಮನೆ ವಿಮೆಯಲ್ಲಿ ನೆರೆಯ ಹಾನಿ ಸೇರುವುದಿಲ್ಲ. ಜೊತೆಗೆ ಇನ್ನೊಂದು ತೊಡಕು. ಇದು ನಮ್ಮ ಹಳ್ಳಿಯವರಿಗೆ ತಟ್ಟನೆ ಅರ್ಥವಾಗುವಂಥದ್ದು. ಎಷ್ಟೋ ಮನೆಗಳು ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದವು. ನಮ್ಮಲ್ಲಿ ಪೌತಿ ಖಾತೆ ಆಗದ ಜಮೀನಿನಂತೆ. ಕಾಗದ ಸರಿಯಿಲ್ಲದಿದ್ದರೆ ಸರ್ಕಾರದ ಪರಿಹಾರ ಸಿಗುವುದು ಕಷ್ಟ. ಹೆಚ್ಚಾಗಿ ಕಪ್ಪು ಜನಾಂಗದ ಬಡ ಕುಟುಂಬಗಳು ಹೀಗೆ ಸಿಕ್ಕಿಬಿದ್ದವು. ಅಂಥವರ ಮನೆ ಮುಂದೆ ದುಡ್ಡು ಕೇಳದ ಹತ್ತು ಜನ ಬಂದು ನಿಂತದ್ದು ಸಣ್ಣ ವಿಷಯವಲ್ಲ.

ಅಲ್ಲಿಯ ಮುಯ್ಯಾಳುಗಳು

ಇಷ್ಟೊಂದು ಜನ ಎಲ್ಲಿಂದ ಬಂದರು? ಒಂದೇ ಚರ್ಚಿನಿಂದಲ್ಲ. ಬ್ಯಾಪ್ಟಿಸ್ಟರು ಬಯಲಲ್ಲಿ ದೊಡ್ಡ ಅಡುಗೆಮನೆ ಹೂಡಿ ಒಂದು ಕೋಟಿಗೂ ಹೆಚ್ಚು ಊಟ ಬೇಯಿಸಿದರು. ಕ್ಯಾಥೊಲಿಕರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಎಪಿಸ್ಕೋಪಲಿಯನ್ನರು ತಂತಮ್ಮ ತಂಡ ಕಳಿಸಿದರು. ಇವರೊಳಗೆ ಮೆನೊನೈಟರ ಕತೆ ಸ್ವಾರಸ್ಯವಾಗಿದೆ.

ಮೆನೊನೈಟರು ಯುದ್ಧ ಬೇಡ ಎನ್ನುವ, ಸರಳವಾಗಿ ಬದುಕುವ ಕ್ರೈಸ್ತ ಪಂಗಡ. ಇವರ ಹಾಗೂ ಇವರ ಸೋದರ ಪಂಗಡವಾದ ಆಮಿಷ್ ಜನರ ಹಳ್ಳಿಗಳಲ್ಲಿ ಒಬ್ಬನ ಕೊಟ್ಟಿಗೆ ಸುಟ್ಟುಹೋದರೆ ಊರಿಗೆ ಊರೇ ಸೇರಿ ಹೊಸದನ್ನು ಎಬ್ಬಿಸಿ ನಿಲ್ಲಿಸುವ ರೂಢಿ ಇದೆ. ಕೂಲಿ ಇಲ್ಲ, ಊಟ ಮಾತ್ರ. ನಾಳೆ ಇನ್ನೊಬ್ಬನಿಗೆ ಕಷ್ಟ ಬಂದರೆ ಇವನೂ ಹೋಗಬೇಕು. ಅಜ್ಜಂದಿರೇ, ಇದು ನಮ್ಮ ಮುಯ್ಯಾಳಿನ ಪದ್ಧತಿಯೇ ಅಲ್ಲವೇ? ನಾಟಿಯ ದಿನ ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು!

1950ರಲ್ಲಿ ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬಲ್ಲಿ, ಭಾನುವಾರದ ಬೈಬಲ್ ತರಗತಿಯ ಯುವಕರು ವನಭೋಜನಕ್ಕೆ ಕೂಡಿದ್ದಾಗ ಒಂದು ಪ್ರಶ್ನೆ ಎದ್ದಿತು. ಈ ಮುಯ್ಯಿಯನ್ನು ನಮ್ಮವರಿಗೆ ಮಾತ್ರ ಏಕೆ ಸೀಮಿತ ಮಾಡಬೇಕು? ಆ ಮಾತಿನಿಂದ ಹುಟ್ಟಿದ್ದೇ ‘ಮೆನೊನೈಟ್ ಡಿಸಾಸ್ಟರ್ ಸರ್ವಿಸ್’. ಕತ್ರಿನಾ ಬಂದಾಗ ಇವರು ಕರಾವಳಿಗೆ ಬಂದು ವರ್ಷಗಟ್ಟಲೆ ಕೆಲಸ ಮಾಡಿದರು. ಸ್ವಯಂಸೇವಕರು ವಾರಕ್ಕೊಮ್ಮೆ ಬದಲಾದರೂ ಕೆಲಸ ಗೊತ್ತಿರುವ ಮೇಸ್ತ್ರಿಗಳು ಅಲ್ಲೇ ಹೆಚ್ಚು ಕಾಲ ಉಳಿಯುವುದು ಇವರ ಕ್ರಮ. ಏಳು ದಿನದ ಕೈಗಳ ಹಿಂದೆ ಏಳು ತಿಂಗಳ ತಲೆ ಇರಬೇಕು ಎಂಬುದು ಇವರು ಕಂಡುಕೊಂಡ ಗುಟ್ಟು.

ಅಜ್ಜಂದಿರ ಗಾಡಿ, ಮೊಮ್ಮಕ್ಕಳ ರಜೆ

ಇಂಥ ಯಾತ್ರೆಗಳಲ್ಲಿ ಎರಡು ವಯಸ್ಸಿನವರು ಹೆಚ್ಚು ಕಾಣುತ್ತಾರೆ. ರಜೆ ಸಿಕ್ಕ ವಿದ್ಯಾರ್ಥಿಗಳು, ನಿವೃತ್ತರಾದ ಹಿರಿಯರು. ಮೆಥಡಿಸ್ಟರಲ್ಲಿ ‘ನೋಮ್ಯಾಡ್ಸ್’, ಅಂದರೆ ಅಲೆಮಾರಿಗಳು, ಎಂಬ ಹೆಸರಿನ ಹಿರಿಯರ ಬಳಗವೇ ಇದೆ. ಮಲಗುವ ಕೋಣೆ, ಅಡುಗೆಮನೆ ಎಲ್ಲ ಇರುವ ಗಾಡಿಯಲ್ಲಿ ಗಂಡ-ಹೆಂಡಿರು ಊರೂರಿಗೆ ಹೋಗಿ ರಿಪೇರಿ ಕೆಲಸ ಮಾಡುತ್ತಾರೆ.

ವಾರದ ದಿನಚರಿ ಸರಳ. ಭಾನುವಾರ ಸಂಜೆ ಬಂದು ಚರ್ಚಿನ ಸಭಾಂಗಣದಲ್ಲೋ ಶಾಲೆಯ ಕೋಣೆಯಲ್ಲೋ ಹಾಸಿಗೆ ಬಿಡಿಸುವುದು. ಬೆಳಿಗ್ಗೆ ಬೇಗ ಎದ್ದು ತಿಂಡಿ, ಪ್ರಾರ್ಥನೆ. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ. ಸಂಜೆ ಸರತಿಯಲ್ಲಿ ಸ್ನಾನ, ಊಟ, ದಿನದ ಅನುಭವ ಹಂಚಿಕೊಳ್ಳುವುದು. ಪ್ರಯಾಣದ ಖರ್ಚು ಅವರದೇ. ಅದಕ್ಕಾಗಿ ಮಕ್ಕಳು ಕಾರು ತೊಳೆದು, ಕೇಕ್ ಮಾರಿ ದುಡ್ಡು ಕೂಡಿಸುತ್ತಾರೆ. ಅಲ್ಲಿ ಹದಿನಾರರ ಹುಡುಗಿಗೆ ಎಪ್ಪತ್ತರ ಅಜ್ಜ ಮೊಳೆ ಹೊಡೆಯುವುದು ಕಲಿಸುತ್ತಾನೆ. ಅಜ್ಜ ಏಣಿ ಹತ್ತದಂತೆ ಹುಡುಗಿ ನೋಡಿಕೊಳ್ಳುತ್ತಾಳೆ.

ವಯಸ್ಸಿನ ಮಾತು ಬಂದ ಮೇಲೆ ಜಿಮ್ಮಿ ಕಾರ್ಟರ್ ಹೆಸರು ಹೇಳಲೇಬೇಕು. ಅಮೆರಿಕದ ಅಧ್ಯಕ್ಷರಾಗಿದ್ದವರು, ತಮ್ಮ ಊರಿನ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದವರು. ‘ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ’ ಎಂಬ ಸಂಸ್ಥೆ 1976ರಲ್ಲಿ ಅವರ ಜಾರ್ಜಿಯಾ ರಾಜ್ಯದಲ್ಲೇ ಒಂದು ಕ್ರೈಸ್ತ ಸೇವಾಕಾರ್ಯವಾಗಿ ಶುರುವಾಯಿತು. 1984ರಿಂದ ಕಾರ್ಟರ್ ದಂಪತಿ ಅದರ ಮನೆಗಳನ್ನು ಕಟ್ಟಲು ಕೈಜೋಡಿಸಿದರು. 2006ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಪುಣೆ ಹತ್ತಿರದ ಮಳವಲಿಗೂ ಬಂದು ಬಡ ಕುಟುಂಬಗಳಿಗೆ 100 ಮನೆ ಕಟ್ಟುವ ಕೆಲಸದಲ್ಲಿ ತೊಡಗಿದ್ದರು. 2019ರಲ್ಲಿ, 95 ತುಂಬಿದ ಹೊಸತರಲ್ಲಿ, ಮನೆಯಲ್ಲಿ ಬಿದ್ದು ಹಣೆಗೆ 14 ಹೊಲಿಗೆ ಹಾಕಿಸಿಕೊಂಡರೂ ನ್ಯಾಶ್‌ವಿಲ್ಲಿನ ಮನೆ ಕೆಲಸಕ್ಕೆ ಹಾಜರಾದರು.

ಇದೇ ಸಂಸ್ಥೆ ನ್ಯೂ ಆರ್ಲಿಯನ್ಸಿನಲ್ಲಿ ‘ಸಂಗೀತಗಾರರ ಹಳ್ಳಿ’ ಕಟ್ಟಿತು. ನೆರೆಯಿಂದ ಸಂಗೀತಗಾರರು ಊರು ಬಿಟ್ಟು ಚದುರಿಹೋದರೆ ಊರಿನ ಜೀವವೇ ಹೋದಂತೆ ಎಂದು ಕಲಾವಿದರಾದ ಹ್ಯಾರಿ ಕೊನಿಕ್ ಜೂನಿಯರ್ ಮತ್ತು ಬ್ರಾನ್‌ಫರ್ಡ್ ಮಾರ್ಸಾಲಿಸ್ ಯೋಚಿಸಿದರು. ಬಣ್ಣಬಣ್ಣದ 72 ಮನೆಗಳು ಎದ್ದವು. ಎಲ್ಲವೂ ನೆಲದಿಂದ ಎತ್ತರಕ್ಕೆ ಏರಿಸಿದವು. ವಯಸ್ಸಾದ ಕಲಾವಿದರಿಗೆಂದೇ ಬೇರೆ ಮನೆಗಳು. 2011ರಲ್ಲಿ ನಡುವೆ ಒಂದು ಸಂಗೀತ ಕೇಂದ್ರವೂ ತೆರೆಯಿತು. ಇಲ್ಲಿ ಮನೆ ಯಾರಿಗೂ ಪುಕ್ಕಟೆ ಅಲ್ಲ. ಮನೆ ಪಡೆಯುವವರು ನೂರಾರು ಗಂಟೆ ತಾವೂ ದುಡಿಯಬೇಕು, ಲಾಭವಿಲ್ಲದ ದರದಲ್ಲಿ ಕಂತು ಕಟ್ಟಬೇಕು. ಉಪಕಾರ ಮಾಡಿದವರೂ ಪಡೆದವರೂ ಒಂದೇ ಏಣಿ ಹಿಡಿದು ನಿಂತರೆ ಯಾರ ತಲೆಯೂ ತಗ್ಗುವುದಿಲ್ಲ.

ಹದಿನೈದು ಮನೆಯ ಲೆಕ್ಕ

ಇಷ್ಟು ಓದಿದ ಮೇಲೆ ಸೇವಾಯಾತ್ರೆ ಎಂದರೆ ಎಲ್ಲವೂ ಒಳ್ಳೆಯದೇ ಅನ್ನಿಸಬಹುದು. ಆದರೆ ಕ್ರೈಸ್ತರೊಳಗಿಂದಲೇ ಕೆಲವರು ಗಟ್ಟಿಯಾಗಿ ಪ್ರಶ್ನೆ ಕೇಳಿದ್ದಾರೆ.

1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಉತ್ತರ ಅಮೆರಿಕದಿಂದ ಸೇವಾತಂಡಗಳು ವಿಮಾನ ಹತ್ತಿ ಬಂದು ಮನೆ ಕಟ್ಟಿದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು, ತಾವೂ ಕ್ರೈಸ್ತರೇ, ಇದರ ಲೆಕ್ಕ ತೆಗೆದರು. ಟಿಕೆಟ್ಟು, ಊಟ, ವಸತಿ ಎಲ್ಲ ಸೇರಿ ಹೊರಗಿನವರು ಕಟ್ಟಿದ ಒಂದು ಮನೆಗೆ ಬಿದ್ದ ಖರ್ಚು ಸುಮಾರು 30,000 ಡಾಲರ್. ಅಲ್ಲಿಯದೇ ಸಂಸ್ಥೆ ಅಲ್ಲಿಯದೇ ಗಾರೆಯವರಿಂದ ಕಟ್ಟಿಸಿದ ಮನೆಗೆ ಸುಮಾರು 2,000 ಡಾಲರ್.

ಮಕ್ಕಳೇ, ಭಾಗಿಸಿ ನೋಡಿ. ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ ಆಗುತ್ತಿತ್ತು! ಜೊತೆಗೆ ಕೆಲಸವಿಲ್ಲದೆ ಕೂತಿದ್ದ ಅಲ್ಲಿಯ ಗಾರೆಯವನಿಗೆ, ಬಡಗಿಗೆ ಕೂಲಿಯೂ ಸಿಗುತ್ತಿತ್ತು. ಹೋಗಿಬಂದವರ ಬದುಕಾದರೂ ಬದಲಾಯಿತೇ ಎಂದು ಅವರು ವಿಚಾರಿಸಿದರು. ಬದಲಾಯಿತು ಎಂದವರು ಬಹಳ. ಆದರೆ ಆಮೇಲಿನ ವರ್ಷಗಳಲ್ಲಿ ಅವರು ಕೊಟ್ಟ ದಾನದ ಲೆಕ್ಕದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ನ್ಯೂ ಆರ್ಲಿಯನ್ಸಿನ ಲೆಕ್ಕ ಬೇರೆ ಹೇಗೆ? ಅಲ್ಲಿ ಕೂಲಿ ದುಬಾರಿ, ಕೆಲಸಗಾರರೇ ಸಿಗುತ್ತಿರಲಿಲ್ಲ. ಬಂದವರು ಹೆಚ್ಚಿನಂಶ ಅದೇ ದೇಶದವರು, ವ್ಯಾನಿನಲ್ಲಿ ಬಂದವರು, ಭಾಷೆ ಗೊತ್ತಿದ್ದವರು. ಕೆಸರು ಬಾಚಲು, ಹಲಗೆ ಕೀಳಲು ವಿಶೇಷ ವಿದ್ಯೆ ಬೇಕಿರಲಿಲ್ಲ. ಇನ್ನೊಂದು ಅನುಕೂಲವೂ ಇತ್ತು. ಅಮೆರಿಕದಲ್ಲಿ ಪುನರ್ನಿರ್ಮಾಣದ ಖರ್ಚಿನಲ್ಲಿ ಒಂದು ಪಾಲನ್ನು ಸ್ಥಳೀಯ ಆಡಳಿತ ಭರಿಸಬೇಕು. ಸ್ವಯಂಸೇವಕರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಪಾಲಿಗೆ ಜಮಾ ಮಾಡಲು ನಿಯಮದಲ್ಲಿ ಅವಕಾಶವಿದೆ. ಸಲಿಕೆ ಹಿಡಿದ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಅದೂ ಊರಿಗೆ ಹಣ.

ಅಂದರೆ ಹೋಗಬೇಕೋ ದುಡ್ಡು ಕಳಿಸಬೇಕೋ ಎಂಬ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಉತ್ತರವಿಲ್ಲ. ಆ ಊರಿನಲ್ಲಿ ಯಾವುದು ಕಡಿಮೆ ಇದೆ, ಕೈಯೋ ಕಾಸೋ, ಎಂದು ಮೊದಲು ಕೇಳಬೇಕು.

ಅವಸರದ ಉಪಕಾರ

ಕೇಳದೆ ಹೊರಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾಯಿತು. ಅಮೆರಿಕದ ಹತ್ತು ಜನ ಸೇವಾಯಾತ್ರಿಕರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ದೇಶಕ್ಕೆ ಹೊರಟರು. ಅನಾಥ ಮಕ್ಕಳಿಗೆ ಆಸರೆ ಕೊಡುತ್ತೇವೆ ಎಂಬುದು ಅವರ ಮಾತು. ಗಡಿಯಲ್ಲಿ ಅವರನ್ನು ತಡೆದರು. ಸರಿಯಾದ ಕಾಗದಪತ್ರ ಇರಲಿಲ್ಲ. ವಿಚಾರಿಸಿದರೆ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು! ಮನೆ ಕುಸಿದ ಮಾತ್ರಕ್ಕೆ ಮಗು ಅನಾಥವಾಗುವುದಿಲ್ಲ.

ನಂಬಿಕೆಯ ಪ್ರಶ್ನೆಯೂ ಇದೆ. ಅನ್ನ ಕೊಡುವ ಕೈ ಧರ್ಮಗ್ರಂಥವನ್ನೂ ಚಾಚಿದರೆ, ಹಸಿದವನು ಬೇಡ ಎನ್ನಲು ಸಾಧ್ಯವೇ? ಅದಕ್ಕಾಗಿಯೇ 1994ರಲ್ಲಿ ರೆಡ್ ಕ್ರಾಸ್ ಮತ್ತಿತರ ಪರಿಹಾರ ಸಂಸ್ಥೆಗಳು ಸೇರಿ ಒಂದು ನೀತಿಸಂಹಿತೆ ಬರೆದವು. ನೆರವು ನೀಡುವಾಗ ಜಾತಿ-ಮತ ನೋಡಬಾರದು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಬೆಳೆಸಲು ಬಳಸಬಾರದು ಎಂದು ಅದರಲ್ಲಿದೆ. ಬರೆದವರಲ್ಲಿ ಕ್ಯಾಥೊಲಿಕ್, ಲೂಥರನ್ ಸಂಸ್ಥೆಗಳೂ ಇದ್ದವು. ತಾನು ಏಕೆ ಬಂದೆ ಎಂಬುದು ಯಾತ್ರಿಕನ ನಂಬಿಕೆ. ಯಾರ ಮನೆ ಕಟ್ಟಬೇಕು ಎಂಬುದು ಮಾತ್ರ ಯಾರಿಗೆ ಹೆಚ್ಚು ಅಗತ್ಯ ಎಂಬುದರಿಂದಲೇ ತೀರ್ಮಾನವಾಗಬೇಕು.

ಬಿಹಾರಕ್ಕೆ ಬಂದ ಎಂಜಿನಿಯರ್

ಇಂಥ ಒಬ್ಬ ಯಾತ್ರಿಕ ನಮ್ಮ ದೇಶಕ್ಕೂ ಬಂದಿದ್ದರು. ಹೆಸರು ಪಿಯರ್ ಸೆರೆಸೋಲ್. ಸ್ವಿಟ್ಜರ್ಲೆಂಡಿನವರು, ಓದಿದ್ದು ಎಂಜಿನಿಯರಿಂಗ್. ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಕ್ರಿಸ್ತನನ್ನು ನಂಬುವವನು ಬಂದೂಕು ಹಿಡಿಯಬಾರದು ಎಂಬುದು ಮಗನ ಹಟ. ಸೈನ್ಯದ ತೆರಿಗೆ ಕಟ್ಟಲು ಒಪ್ಪದೆ ಜೈಲಿಗೂ ಹೋದರು. 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ಎಸ್ನ್ ಎಂಬ ಹಳ್ಳಿಗೆ ಕೆಲವೇ ಗೆಳೆಯರೊಂದಿಗೆ ಹೋಗಿ ಮನೆ ಕಟ್ಟತೊಡಗಿದರು. ಆ ಗೆಳೆಯರಲ್ಲಿ ನಿನ್ನೆಯವರೆಗೆ ಶತ್ರುಗಳಾಗಿದ್ದ ಜರ್ಮನರೂ ಇದ್ದರು.

1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಯಿತು. ಬಿಹಾರ, ನೇಪಾಳಗಳಲ್ಲಿ 10,000ಕ್ಕೂ ಹೆಚ್ಚು ಜನ ಸತ್ತರು. ಭೂಮಿ ಬಾಯಿಬಿಟ್ಟು ಮರಳು ಉಗುಳಿ ಹೊಲಗಳನ್ನು ಮುಚ್ಚಿತು. ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಕಾರ್ಯದ ನೊಗ ಹೊತ್ತಿದ್ದರು. 1931ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಗಾಂಧೀಜಿಯವರನ್ನು ಕಂಡಿದ್ದ ಸೆರೆಸೋಲ್, ಐವತ್ತೈದರ ಆಸುಪಾಸಿನಲ್ಲಿ ಹಡಗು ಹತ್ತಿದರು. ಮುಜಫ್ಫರ್‌ಪುರದ ಕಡೆ, ನೆರೆಗೆ ಸಿಕ್ಕುವ ತಗ್ಗಿನಿಂದ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸುವ ಕೆಲಸದಲ್ಲಿ ಹಳ್ಳಿಗರ ಜೊತೆ ಗುದ್ದಲಿ ಹಿಡಿದರು. ಒಮ್ಮೆ ಬಂದು ಮುಗಿಸಲಿಲ್ಲ; 1937ರವರೆಗೆ ಮತ್ತೆ ಮತ್ತೆ ಬಂದರು. ಹೊಸದಾಗಿ ಎದ್ದ ಒಂದು ಹಳ್ಳಿಗೆ ಶಾಂತಿಪುರ ಎಂದು ಹೆಸರಾಯಿತು.

ಮನೆಯವರ ಮಾತೇ ಮಾತು

ಕೊನೆಗೆ ಮತ್ತೆ ನ್ಯೂ ಆರ್ಲಿಯನ್ಸಿಗೆ ಹೋಗೋಣ. ನಗರದ ಪೂರ್ವ ಅಂಚಿನಲ್ಲಿ ವಿಯೆಟ್ನಾಮಿನಿಂದ ಬಂದು ನೆಲೆಸಿದವರ ಬಡಾವಣೆಯೊಂದಿದೆ. ಅಜ್ಜಿಯರು ಹಿತ್ತಿಲಲ್ಲಿ ತರಕಾರಿ ಬೆಳೆಯುವ ಜಾಗ. ಅಲ್ಲಿನ ಚರ್ಚಿನ ಫಾದರ್ ವಿಯೆನ್ ನುಯೆನ್ ಅವರ ಮುಂದಾಳುತನದಲ್ಲಿ ಜನ ಯಾರ ಅಪ್ಪಣೆಗೂ ಕಾಯದೆ ಮರಳಿದರು. ಅಕ್ಟೋಬರ್‌ನಲ್ಲೇ ಬಲಿಪೂಜೆ ನಡೆಯಿತು. ಮುಂದೆ ಊರಿನ ಅವಶೇಷವನ್ನೆಲ್ಲ ತಮ್ಮ ಬಡಾವಣೆಯ ಹತ್ತಿರ ಸುರಿಯಲು ಹೊರಟಾಗ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಬೀದಿಗಿಳಿದು ಆ ತಿಪ್ಪೆಯನ್ನು ಮುಚ್ಚಿಸಿದರು. ಅವರಿಗೆ ಹೊರಗಿನ ನೆರವು ಬೇಕಿತ್ತು, ಬಂತು ಕೂಡ. ಆದರೆ ಏನು ಬೇಕು, ಏನು ಬೇಡ ಎಂದು ಹೇಳಿದವರು ಅವರೇ.

ಹಾರೆ ಎಲ್ಲಿ ಹಾಕಬೇಕು, ಯಾವ ಗೋಡೆ ಉಳಿಯಬೇಕು, ಕೆಸರಿನಲ್ಲಿ ಸಿಕ್ಕ ಯಾವ ಚೂರು ಕಸ, ಯಾವುದು ಅಮ್ಮನ ಬಳೆ ಎಂದು ಹೇಳಬಲ್ಲವರು ಆ ಮನೆಯಲ್ಲಿ ಬಾಳಿದವರು ಮಾತ್ರ. ಒಳ್ಳೆಯ ನೆಂಟ ಅಡುಗೆಮನೆಗೆ ನುಗ್ಗುವ ಮೊದಲು, ನಾನೇನು ಮಾಡಲಿ ಎಂದು ಕೇಳುತ್ತಾನೆ.

ಮನೆಯಲ್ಲಿ ಮಾತಾಡಿ

ಮಕ್ಕಳೇ, ಅಜ್ಜ-ಅಜ್ಜಿಯ ಹತ್ತಿರ ಕೂತು ಕೇಳಿ: ನಿಮ್ಮ ಕಾಲದಲ್ಲಿ ನೆರೆ, ಬೆಂಕಿ, ಬಿರುಗಾಳಿ ಬಂದಾಗ ಯಾರು ಬಂದರು? ಎಷ್ಟು ದಿನ ಇದ್ದರು? ಅವರು ತಂದದ್ದರಲ್ಲಿ ಏನು ಉಪಯೋಗಕ್ಕೆ ಬಂತು, ಏನು ಹಾಗೇ ಉಳಿಯಿತು?

ಹಿರಿಯರೇ, ಮುಯ್ಯಾಳಿನ ಲೆಕ್ಕ ಹೇಗಿಡುತ್ತಿದ್ದಿರಿ ಎಂಬುದನ್ನೂ ಮೊಮ್ಮಕ್ಕಳಿಗೆ ಹೇಳಿ. ಚೀಟಿಯಿಲ್ಲದೆ ನೆನಪಿಟ್ಟ ಆ ಸಾಲ ಈಗ ಅವರಿಗೂ ಗೊತ್ತಿರಲಿ.